ಹಾರುವ ವಿದ್ಯೆಗೆ ಗುರುಮನೆ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಅಪೇಕ್ಷಿಸಿದ ಸಂಪಾದಕ ಮಂಡಳಿಯವರು ನನ್ನಿಂದ ಛಂದಸ್ಸನ್ನೋ ಹಳಗನ್ನಡ ಗದ್ಯವನ್ನೋ ಕುರಿತು ನಾಲ್ಕು ಮಾತು ನಿರೀಕ್ಷಿಸಿದ್ದರೆ ಅದು ಸಹಜವೇ ಸರಿ. ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳ ಮೆಟ್ಟಿಲೇರಿ, ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಕಂಠಸ್ಥ ಮಾಡಿಕೊಂಡು, ಬಿಳಿಯ ಧೋತರವನ್ನುಟ್ಟು ಮೂರು ದಶಕಗಳಿಂದ ಕನ್ನಡವನ್ನೇ ಬೋಧಿಸುತ್ತ ಬಂದವನು ವಿಮಾನವನ್ನು ಕುರಿತು ಬರೆಯಹೊರಟನೆಂದರೆ ಸಹೋದ್ಯೋಗಿಗಳು ಮೀಸೆಯ ಮರೆಯಲ್ಲಿ ನಕ್ಕಾರು. ನಗಲಿ. ಕಳೆದೆರಡು ವರ್ಷಗಳಲ್ಲಿ ನನ್ನ ಮನೆಯ ಕಟ್ಟೆಗೆ ಬಂದ ಪ್ರಶ್ನೆಗಳಲ್ಲಿ ಇದಕ್ಕಿಂತ ಭಾರವಾದುದು ಇನ್ನೊಂದಿರಲಿಲ್ಲ. ಅದಕ್ಕೆ ಉತ್ತರವನ್ನು ಹುಡುಕುತ್ತ ನಾನು ಅರಿತುಕೊಂಡುದು ನಮ್ಮ ಹಳೆಯ ವಿದ್ಯಾರ್ಥಿಗಳ ಇತರ ಮನೆಗಳಿಗೂ ಉಪಯೋಗಕ್ಕೆ ಬಂದೀತೆಂಬ ನಂಬಿಕೆಯಿಂದ ಈ ಸಾಹಸಕ್ಕೆ ಕೈಹಾಕಿದ್ದೇನೆ.

ಪ್ರಶ್ನೆಯನ್ನು ತಂದವನು ಯಲಬುರ್ಗಾ ತಾಲ್ಲೂಕಿನ ಒಬ್ಬ ರೈತ. ನಾನು ಉಪಾಧ್ಯಾಯ ವೃತ್ತಿಗೆ ಬಂದ ಹೊಸತರಲ್ಲಿ ನನ್ನ ಮುಂದೆ ಕುಳಿತು ಕಂದಪದ್ಯಕ್ಕೆ ಗಣ ಹಾಕಿದವನು. ಅವನ ಮಗಳೂ ನಮ್ಮ ಶಾಲೆಯಲ್ಲಿಯೇ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಮುಂದೆ ಭೌತಶಾಸ್ತ್ರ, ಗಣಿತಗಳನ್ನು ತೆಗೆದುಕೊಂಡು ಪಿ.ಯು.ಸಿ. ಮುಗಿಸಿ, ರಾಜ್ಯದ ಹೊರಗಿನ ಒಂದು ವಿಮಾನ ತರಬೇತಿ ಶಾಲೆಯಲ್ಲಿ ನಿಯಮದಂತೆ 200 ಗಂಟೆಗಳ ಹಾರಾಟವನ್ನು ಪೂರೈಸಿ, ವಾಣಿಜ್ಯ ಪೈಲಟ್ ಪರವಾನಗಿಯನ್ನು ಪಡೆದವಳು. ಬ್ಯಾಂಕಿನ ಸಾಲ ಆಗಲೇ ಹೆಗಲೇರಿತ್ತು. ಉಳಿದುದು ನಾಲ್ಕು ಎಕರೆ ಎರೆಹೊಲ. ಅಪ್ಪ ಮಗಳಿಬ್ಬರೂ ಒಂದು ಭಾನುವಾರ ಬಂದು ಕುಳಿತರು. ಅವನು ಸುತ್ತಿಬಳಸಿ ಮಾತನಾಡುವವನಲ್ಲ: “ಗುರುಗಳ, ನಾಕೆಕರೆದಾಗ ಎರಡೆಕರೆ ಕೊಟ್ಟಬಿಡ್ತೀನ್ರಿ. ಅದರ ಚಿಂತಿ ಇಲ್ಲ. ಆದ್ರ ಯಾವ ಸಾಲಿಗೆ ಕಟ್ಟಬೇಕು ಅನ್ನೂದು ನೀವ ಹೇಳ್ರಿ.”

ಪರವಾನಗಿ ಸಿಕ್ಕ ಮೇಲೆ ಮತ್ತೆ ಶಾಲೆಯೇಕೆ ಎಂದು ನಾನು ಕೇಳಿದಾಗ ಆ ಹುಡುಗಿ ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು. ಕಲಿಕೆಯ ಕಾಲದಲ್ಲಿ ಅವಳು ಹಾರಿಸಿದ್ದು ಹೆಚ್ಚಾಗಿ ಸೆಸ್ನಾ 172 ಎಂಬ ಪುಟ್ಟ ವಿಮಾನ. ಒಂದೇ ಎಂಜಿನ್, ನಾಲ್ಕು ಆಸನ, ತುಂಬಿದ ತೂಕ ಒಂದು ಟನ್ನಿಗೆ ತುಸು ಹೆಚ್ಚು. ನೌಕರಿಯಲ್ಲಿ ಅವಳು ಹಾರಿಸಬೇಕಾದುದು ಎ.ಟಿ.ಆರ್. 72. ಎರಡು ಎಂಜಿನ್, ಎಪ್ಪತ್ತರ ಮೇಲೆ ಆಸನ, ಸುಮಾರು 23 ಟನ್ ತೂಕ. ಒಂದನ್ನು ಬಲ್ಲವನು ಇನ್ನೊಂದನ್ನು ಬಲ್ಲನೆಂದು ಕಾನೂನು ಒಪ್ಪುವುದಿಲ್ಲ. ಆಯಾ ಮಾದರಿಯ ವಿಮಾನಕ್ಕೆ ಪ್ರತ್ಯೇಕವಾಗಿ ಪಾಠ ಕೇಳಿ, ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿಯ ಮೇಲೆ ಆ ಮಾದರಿಯ ಹೆಸರನ್ನು ಬರೆಯಿಸಿಕೊಳ್ಳಬೇಕು. ಇದಕ್ಕೆ ಟೈಪ್ ರೇಟಿಂಗ್ ಎಂದು ಹೆಸರು. ಕಾವ್ಯ ಬಲ್ಲವನೆಲ್ಲ ಶಾಸನವನ್ನೋದಲಾರನಷ್ಟೆ? ಅಕ್ಷರವೊಂದೇ ಆದರೂ ಲಿಪಿಯ ತಿರುವುಗಳನ್ನು ಬೇರೆಯಾಗಿಯೇ ಕಲಿಯಬೇಕು.

ಜನರು ಇಲ್ಲಿ ಎರಡು ಬಗೆಯ ಶಾಲೆಗಳನ್ನು ಬೆರಸಿಬಿಡುತ್ತಾರೆ. ಹಾರಾಟದ ಓನಾಮವನ್ನು ಕಲಿಸುವ ಶಾಲೆಗಳೇ ಬೇರೆ. ಬೆಂಗಳೂರಿನ ಜಕ್ಕೂರಿನಲ್ಲಿ ಮೈಸೂರು ಸಂಸ್ಥಾನದ ಕಾಲದ ಕೊನೆಗೆ ಆರಂಭವಾದ ಸರ್ಕಾರಿ ಶಾಲೆ ಅಂಥದು. ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿರುವ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯೂ ಅಂಥದೇ. 2021ರಲ್ಲಿ ವಿಮಾನನಿಲ್ದಾಣ ಪ್ರಾಧಿಕಾರವು ದೇಶದ ಐದು ನಿಲ್ದಾಣಗಳಲ್ಲಿ ಹೊಸ ತರಬೇತಿ ಶಾಲೆಗಳಿಗೆ ಸ್ಥಳ ಕೊಟ್ಟಾಗ ನಮ್ಮ ಭಾಗದ ಕಲಬುರಗಿಯೂ ಬೆಳಗಾವಿಯೂ ಅವುಗಳಲ್ಲಿ ಸೇರಿದ್ದುದು ನಮಗೆ ಸಂತೋಷದ ಸಂಗತಿ. ಟೈಪ್ ರೇಟಿಂಗ್ ಕೊಡುವ ಸಂಸ್ಥೆಗಳು ಇವಲ್ಲ. ಅವುಗಳಿಗೆ ರನ್‌ವೇಯೂ ಬೇಡ, ಆಕಾಶವೂ ಬೇಡ. ದೊಡ್ಡ ಕಟ್ಟಡವೊಂದರಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಂತು ಓಲಾಡುವ ಸಿಮ್ಯುಲೇಟರ್ ಇದ್ದರಾಯಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2025ರಲ್ಲಿ ಮೊದಲ ಬಾರಿಗೆ ತರಬೇತಿ ಶಾಲೆಗಳಿಗೆ ಶ್ರೇಣಿಯನ್ನು ಪ್ರಕಟಿಸಿತು. ಅತ್ಯುಚ್ಚ ಶ್ರೇಣಿ ಒಂದಕ್ಕೂ ದೊರೆಯಲಿಲ್ಲವೆಂಬುದನ್ನು ಪತ್ರಿಕೆಗಳಲ್ಲಿ ಓದಿದವರಿರಬಹುದು. ಆದರೆ ಆ ಪಟ್ಟಿ ಮೊದಲ ಬಗೆಯ ಶಾಲೆಗಳದು. ಅದನ್ನು ಹಿಡಿದುಕೊಂಡು ಎ.ಟಿ.ಆರ್. ಕಲಿಸುವವರನ್ನು ಅಳೆಯುವುದು ಪ್ರಾಥಮಿಕ ಶಾಲೆಯ ಫಲಿತಾಂಶವನ್ನು ನೋಡಿ ಕಾಲೇಜನ್ನು ಆರಿಸಿದಂತೆ.

ಎ.ಟಿ.ಆರ್. ನಮ್ಮ ಭಾಗಕ್ಕೆ ಅಪರಿಚಿತವಾದ ಹಕ್ಕಿಯಲ್ಲ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಏರ್ ಡೆಕ್ಕನ್ ಸಂಸ್ಥೆಯನ್ನು ಕಟ್ಟಿದಾಗ ಆರಂಭಿಸಿದ್ದೇ ಈ ಜಾತಿಯ ವಿಮಾನಗಳಿಂದ. 2017ರಲ್ಲಿ ತೋರಣಗಲ್ಲಿನ ಬಳಿಯ ವಿದ್ಯಾನಗರ ನಿಲ್ದಾಣಕ್ಕೆ ಹೈದರಾಬಾದಿನಿಂದ ಟ್ರೂಜೆಟ್ ಸಂಸ್ಥೆ ಓಡಿಸಿದ್ದೂ ಇದನ್ನೇ. ಆ ಸಂಸ್ಥೆ 2022ರಲ್ಲಿ ಹಾರಾಟವನ್ನು ನಿಲ್ಲಿಸಿತು. 2023ರ ಆಗಸ್ಟಿನಲ್ಲಿ ಶಿವಮೊಗ್ಗದ ಹೊಸ ನಿಲ್ದಾಣಕ್ಕೆ ಬೆಂಗಳೂರಿನಿಂದ ಮೊದಲು ಬಂದಿಳಿದುದೂ ಇಂಡಿಗೊ ಸಂಸ್ಥೆಯ ಎ.ಟಿ.ಆರ್. ಕೊಪ್ಪಳದ ಬಳಿಯ ಗಿಣಿಗೇರಿಯಲ್ಲಿ ಖಾಸಗಿ ಉದ್ಯಮದ ಏರ್‌ಸ್ಟ್ರಿಪ್ ಇರುವುದು ಎಲ್ಲರಿಗೂ ತಿಳಿದದ್ದೇ. ಉಡಾನ್ ಯೋಜನೆಯಲ್ಲಿ ಕೊಪ್ಪಳದ ಹೆಸರು ಕೇಳಿಬಂದಾಗ ಚಿಗುರಿದ ಆಸೆ ಕೈಗೂಡದೆ ವರ್ಷಗಳೇ ಉರುಳಿದವು. ಚಿಕ್ಕ ಊರು, ಚಿಕ್ಕ ರನ್‌ವೇ, ಎಪ್ಪತ್ತು ಮಂದಿ ಪ್ರಯಾಣಿಕರು ಎಂದಾಗ ಜೆಟ್ ವಿಮಾನಕ್ಕಿಂತ ಕಡಿಮೆ ಇಂಧನ ಕುಡಿಯುವ ಈ ಟರ್ಬೊಪ್ರಾಪ್ ವಿಮಾನವೇ ಗತಿ.

ಟರ್ಬೊಪ್ರಾಪ್ ಎಂದರೇನೆಂದು ನಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿ ತಿಳಿದೆ. ಜೆಟ್ ಎಂಜಿನ್ನಿನಲ್ಲಿ ಬಿಸಿಗಾಳಿ ಹಿಂದಕ್ಕೆ ನುಗ್ಗಿ ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಟರ್ಬೊಪ್ರಾಪಿನಲ್ಲಿ ಅದೇ ಬಿಸಿಗಾಳಿ ಟರ್ಬೈನನ್ನು ತಿರುಗಿಸಿ, ಹಲ್ಲುಗಾಲಿಗಳ ಮೂಲಕ ಹೊರಗಿನ ಪ್ರೊಪೆಲರನ್ನು ತಿರುಗಿಸುತ್ತದೆ. ಎ.ಟಿ.ಆರ್. 72ರ ಈಗಿನ ಮಾದರಿಯಲ್ಲಿ ಒಂದೊಂದು ಪ್ರೊಪೆಲರಿಗೂ ಆರಾರು ಅಲಗುಗಳು. ಈ ಅಲಗುಗಳು ತಮ್ಮ ಬುಡದಲ್ಲಿ ಹೊರಳಬಲ್ಲವು. ಆನೆಗೊಂದಿಯಲ್ಲಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರು ಅಂಬಿಗನ ಕೈಯ ಹುಟ್ಟನ್ನು ನೆನೆಯಲಿ. ಹುಟ್ಟಿನ ಅಗಲವನ್ನು ನೀರಿಗೊಡ್ಡಿದರೆ ಹರಿಗೋಲು ಸಾಗುತ್ತದೆ. ಅಂಚನ್ನು ಒಡ್ಡಿದರೆ ಹುಟ್ಟು ನೀರನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ಹರಿಗೋಲು ಅಲುಗುವುದಿಲ್ಲ. ಎಂಜಿನ್ ಕೆಟ್ಟಾಗ ನಿಂತ ಪ್ರೊಪೆಲರ್ ಗಾಳಿಗೆ ಅಡ್ಡಗೋಡೆಯಾಗಬಾರದೆಂದು ಅಲಗಿನ ಅಂಚನ್ನು ಗಾಳಿಗೆ ತಿರುಗಿಸಿಡುತ್ತಾರೆ. ಇದಕ್ಕೆ ಫೆದರ್ ಮಾಡುವುದೆನ್ನುತ್ತಾರೆ. ಹುಡುಗಿ ಕಲಿತ ಸೆಸ್ನಾದಲ್ಲಿ ಅಲಗುಗಳು ಹೊರಳುವುದೇ ಇಲ್ಲ. ಆದುದರಿಂದ ಈ ವಿಷಯ ಅವಳ ಕೈಗೆ ಸಂಪೂರ್ಣ ಹೊಸದು.

ಇದರಲ್ಲೇನು ಮಹಾ ಎನ್ನುವವರಿಗೆ ನೇಪಾಳದ ಪೋಖರಾದ ದುರಂತವನ್ನು ಜ್ಞಾಪಿಸಬೇಕು. 2023ರ ಜನವರಿ 15ರಂದು ಯೇತಿ ಏರ್‌ಲೈನ್ಸಿನ ಎ.ಟಿ.ಆರ್. 72 ಕಾಠ್ಮಂಡುವಿನಿಂದ ಹೊರಟು, ತೆರೆದು ಎರಡೇ ವಾರಗಳಾಗಿದ್ದ ಹೊಸ ನಿಲ್ದಾಣದಲ್ಲಿ ಇಳಿಯುವುದರಲ್ಲಿತ್ತು. ಹಾರಿಸುತ್ತಿದ್ದವರು ರೆಕ್ಕೆಯ ಫ್ಲ್ಯಾಪನ್ನು ಇನ್ನಷ್ಟು ಇಳಿಸಲು ಹೇಳಿದರು. ಪಕ್ಕದಲ್ಲಿದ್ದವರು ಇಳಿಸಿದೆನೆಂದು ಉತ್ತರಿಸಿದರು. ಆದರೆ ಅವರ ಕೈ ಎಳೆದುದು ಫ್ಲ್ಯಾಪಿನ ಹಿಡಿಕೆಯನ್ನಲ್ಲ; ಅದರ ಮಗ್ಗುಲಲ್ಲಿರುವ ಕಂಡಿಷನ್ ಲೀವರುಗಳನ್ನು. ಎರಡೂ ಪ್ರೊಪೆಲರುಗಳು ಫೆದರ್ ಆದವು. ಎಂಜಿನ್ನುಗಳು ಉರಿಯುತ್ತಲೇ ಇದ್ದವು, ನೂಕುಬಲ ಮಾತ್ರ ಇರಲಿಲ್ಲ. ವಿಮಾನದಲ್ಲಿದ್ದ 72 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಪಕ್ಕದಲ್ಲಿದ್ದವರು ಅನನುಭವಿಯಲ್ಲ, ಇತರರಿಗೆ ಕಲಿಸುವ ಅಧಿಕಾರವಿದ್ದ ಕ್ಯಾಪ್ಟನ್. ತನಿಖೆಯ ವರದಿಯು ಆ ಗಳಿಗೆಯ ಅವಸರವನ್ನೂ, ನಿಯತಕ್ರಮವನ್ನು ಬಿಟ್ಟುದನ್ನೂ ಎತ್ತಿ ತೋರಿಸಿತು. ಇದಕ್ಕೆ ಎಂಟು ವರ್ಷ ಮೊದಲು, 2015ರ ಫೆಬ್ರವರಿ 4ರಂದು, ತೈವಾನಿನ ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ ಸಂಸ್ಥೆಯ ಎ.ಟಿ.ಆರ್. ಮೇಲೇರುತ್ತಿದ್ದಂತೆ ಬಲಗಡೆಯ ಪ್ರೊಪೆಲರ್ ತಾನಾಗಿ ಫೆದರ್ ಆಯಿತು. ಒಂದು ಎಂಜಿನ್ನಿನಿಂದಲೂ ಅದು ಹಾರಬಲ್ಲುದು. ಆದರೆ ಕಾಕ್‌ಪಿಟ್ಟಿನಲ್ಲಿದ್ದವರು ಚೆನ್ನಾಗಿದ್ದ ಎಡಗಡೆಯದನ್ನು ನಿಲ್ಲಿಸಿಬಿಟ್ಟರು. ವಿಮಾನ ನದಿಗೆ ಬಿದ್ದು 58 ಮಂದಿಯಲ್ಲಿ 43 ಮಂದಿ ಮಡಿದರು. ಅನಂತರ ಆ ಸಂಸ್ಥೆಯ ಪೈಲಟರಿಗೆ ಮೌಖಿಕ ಪರೀಕ್ಷೆ ನಡೆದಾಗ ಹತ್ತು ಮಂದಿ ತೇರ್ಗಡೆಯಾಗಲಿಲ್ಲವೆಂದು ವರದಿಯಾಯಿತು. ನಮ್ಮ ನಾಡೂ ಇಂಥ ದುಃಖವನ್ನು ಕಾಣದಿಲ್ಲ. ಬೆಂಗಳೂರಿನ ಎನ್.ಎ.ಎಲ್. ನಿರ್ಮಿಸಿದ ಸರಸ್ ಎಂಬ ಟರ್ಬೊಪ್ರಾಪ್ 2009ರ ಮಾರ್ಚ್ 6ರಂದು ಬಿಡದಿಯ ಬಳಿ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಆಕಾಶದಲ್ಲಿ ನಿಲ್ಲಿಸಿದ ಎಂಜಿನ್ನನ್ನು ಮರಳಿ ಹೊತ್ತಿಸುವ ಕ್ರಮವೇ ಸರಿಯಾಗಿರಲಿಲ್ಲವೆಂದು ತನಿಖೆ ಹೇಳಿತು.

ಇಷ್ಟನ್ನು ಓದಿದ ಮೇಲೆ ನನಗೆ ಒಂದು ವಿಷಯ ಮನದಟ್ಟಾಯಿತು. ಎರಡೆಕರೆ ಮಾರಿ ಕೊಳ್ಳಬೇಕಾದುದು ಪರವಾನಗಿಯ ಮೇಲಿನ ಮೂರಕ್ಷರವನ್ನಲ್ಲ, ಕೈಗೆ ಕೂಡುವ ಅಭ್ಯಾಸವನ್ನು. ಶಾಲೆಯ ಆಯ್ಕೆಯೂ ಆ ದೃಷ್ಟಿಯಿಂದಲೇ ಆಗಬೇಕು.

ಆ ಹೊತ್ತಿಗೆ ಅವರ ಕೈಯಲ್ಲಿ ಮೂರು ದಾರಿಗಳಿದ್ದವು. ದೊಡ್ಡ ನಗರವೊಂದರ ಮಧ್ಯವರ್ತಿಯೊಬ್ಬ ದಿನಕ್ಕೆ ನಾಲ್ಕು ಬಾರಿ ಫೋನ್ ಮಾಡಿ, ಪೂರ್ಣ ಶುಲ್ಕವನ್ನು ಹದಿನೈದು ದಿನಗಳೊಳಗೆ ಕಟ್ಟಿದರೆ ರಿಯಾಯತಿ, ಅನಂತರ ನೌಕರಿ ‘ಗ್ಯಾರಂಟಿ’ ಎನ್ನುತ್ತಿದ್ದ. ಯಾವ ಸಂಸ್ಥೆಯ ನೌಕರಿ, ಯಾವ ಕಾಗದದ ಮೇಲೆ ಗ್ಯಾರಂಟಿ ಎಂದು ನಾನೇ ಕೇಳಿದಾಗ ಅವನಿಗೆ ಬೇರೊಂದು ಕರೆ ಬಂದುಬಿಟ್ಟಿತು! ಎರಡನೆಯದು ವಿದೇಶ. ವಿಮಾನ ತಯಾರಕರದೇ ತರಬೇತಿ ಕೇಂದ್ರಗಳು ಫ್ರಾನ್ಸಿನ ತುಲೂಸಿನಲ್ಲಿಯೂ ಸಿಂಗಪುರದಲ್ಲಿಯೂ ಇವೆ. ತಯಾರಿಸಿದವರಿಗಿಂತ ಬಲ್ಲವರಾರು? ಆದರೆ ವಿದೇಶದ ಕೇಂದ್ರವೂ ಅಲ್ಲಿಯ ಸಿಮ್ಯುಲೇಟರೂ ನಮ್ಮ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದಿರಬೇಕು. ಇಲ್ಲವಾದರೆ ತಂದ ಪ್ರಮಾಣಪತ್ರ ಗೋಡೆಗೆ ತೂಗುಹಾಕಲಷ್ಟೇ ಲಾಯಕ್ಕು. ಮೂರನೆಯದು ನಮ್ಮ ದೇಶದೊಳಗೇ ಎ.ಟಿ.ಆರ್. ಸಿಮ್ಯುಲೇಟರುಳ್ಳ ಕೇಂದ್ರ.

ಇದನ್ನೆಲ್ಲ ಬಲ್ಲವರನ್ನೇ ಕೇಳೋಣವೆಂದು ಕುಷ್ಟಗಿಯ ಕಡೆಯವನಾದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆ. ಅವನು ಈಗ ಎ.ಟಿ.ಆರ್. ವಿಮಾನದ ಕಮಾಂಡರ್. ಎಳವೆಯಲ್ಲಿ ಸವರ್ಣದೀರ್ಘ ಸಂಧಿಯನ್ನೂ ಗುಣಸಂಧಿಯನ್ನೂ ಅದಲುಬದಲು ಮಾಡುತ್ತಿದ್ದವನು ಈಗ ಎಪ್ಪತ್ತು ಜೀವಗಳನ್ನು ಹೊತ್ತು ಹಾರುತ್ತಾನೆ. ದೇವರ ಲೆಕ್ಕವೇ ಬೇರೆ. ಅವನು ಹೇಳಿದ ಮೊದಲ ಮಾತು ನನ್ನನ್ನು ಚಕಿತಗೊಳಿಸಿತು: “ಗುರುಗಳೇ, ಸಾಲಿ ಆಮೇಲೆ ಆರಿಸ್ರಿ. ಮೊದಲು ನೌಕರಿ ಯಾರು ಕೊಡ್ತಾರ ಅದನ್ನ ನೋಡ್ರಿ.” ಭಾರತದಲ್ಲಿ ಎ.ಟಿ.ಆರ್. ಹಾರಿಸುವ ಸಂಸ್ಥೆಗಳು ಬೆರಳೆಣಿಕೆಯಷ್ಟು: ಇಂಡಿಗೊ, ಅಲಯನ್ಸ್ ಏರ್, 2024ರಲ್ಲಿ ಗೋವೆಯಿಂದ ಹಾರಾಟವನ್ನಾರಂಭಿಸಿದ ಫ್ಲೈ 91. ಟೈಪ್ ರೇಟಿಂಗ್ ಒಂದು ಮಾದರಿಗೆ ಮಾತ್ರ ಸಲ್ಲುವುದರಿಂದ, ಎ.ಟಿ.ಆರ್. ಕಲಿತವಳಿಗೆ ಏರ್‌ಬಸ್ಸಿನ ಬಾಗಿಲು ಅದರಿಂದ ತೆರೆಯುವುದಿಲ್ಲ. ಇನ್ನೊಂದು ಸೂಕ್ಷ್ಮವನ್ನೂ ಅವನು ತಿಳಿಸಿದ. ಸಿಮ್ಯುಲೇಟರಿನ ಪಾಠ ಮುಗಿದ ಮೇಲೆ ನಿಜವಾದ ವಿಮಾನವನ್ನು ಏರಿಸಿ ಇಳಿಸಿ ತೋರಿಸಬೇಕಾಗುತ್ತದೆ. ಅದಾದ ಮೇಲೆಯೇ ಪ್ರಯಾಣಿಕರಿರುವ ಹಾರಾಟದಲ್ಲಿ ಹಿರಿಯರ ಪಕ್ಕ ಕುಳಿತು ಕಲಿಯುವುದು. 23 ಟನ್ನಿನ ವಿಮಾನವನ್ನು ಕಲಿಯುವವಳ ಕೈಗೆ ಕೊಡುವವರಾರು? ವಿಮಾನ ಸಂಸ್ಥೆಯೇ ಕೊಡಬೇಕು. ಸಂಸ್ಥೆಯ ಆಯ್ಕೆಪತ್ರವಿಲ್ಲದೆ ತಾವಾಗಿಯೇ ದುಡ್ಡು ಕಟ್ಟಿದವರ ವಿದ್ಯೆ ಸಿಮ್ಯುಲೇಟರಿನ ಹೊಸ್ತಿಲಲ್ಲಿಯೇ ನಿಂತುಬಿಡುವುದುಂಟು.

ಇದಕ್ಕೆ ನಿದರ್ಶನ ದೂರವೇನಿರಲಿಲ್ಲ. ಗಂಗಾವತಿಯಲ್ಲಿ ಅಕ್ಕಿಗಿರಣಿಯ ಮನೆತನದ ಹುಡುಗನೊಬ್ಬ ನೌಕರಿಗೆ ಕಾಯದೆ ಮೊದಲೇ ಟೈಪ್ ರೇಟಿಂಗ್ ಮಾಡಿಕೊಂಡು ಬಂದು ಎರಡು ವರ್ಷಗಳಿಂದ ಗಿರಣಿಯ ಲೆಕ್ಕವನ್ನು ಬರೆಯುತ್ತಿದ್ದಾನೆ. ಆ ಮನೆಗೆ ಅದೊಂದು ಹೊರೆಯಲ್ಲ. ಎಡದಂಡೆ ಕಾಲುವೆಯ ನೀರು, ವರ್ಷಕ್ಕೆರಡು ಬೆಳೆ. ಆದರೂ ಅವನ ಮುಖ ನೋಡಿದರೆ ಮರುಕವಾಗುತ್ತದೆ. ಈ ವಿದ್ಯೆ ಕೈಬಿಟ್ಟರೆ ಕಾಯುವುದಿಲ್ಲ. ಅಭ್ಯಾಸ ತಪ್ಪಿದರೆ ಮತ್ತೆ ಸಿಮ್ಯುಲೇಟರ್, ಮತ್ತೆ ಪರೀಕ್ಷೆ, ಮತ್ತೆ ಹಣ. ಯಲಬುರ್ಗಾದ ಮಳೆಯಾಶ್ರಯದ ಎರೆಹೊಲಕ್ಕೆ ಅಂಥ ಎರಡನೆಯ ಬೆಳೆ ಇಲ್ಲವೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳಪ್ಪ ಸುಮ್ಮನೆ ತಲೆಯಾಡಿಸಿದ.

ಆಮೇಲೆ ಹುಡುಗಿಯೂ ನಾನೂ ಕುಳಿತು ಕೇಂದ್ರಗಳಿಗೆ ಕೇಳಬೇಕಾದ ಪ್ರಶ್ನೆಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದೆವು. ಕಮಾಂಡರ್ ಶಿಷ್ಯನು ತಿಳಿಸಿದ್ದು ಕೆಲವು; ನನ್ನ ವೃತ್ತಿಯ ಅನುಭವದಿಂದ ಹುಟ್ಟಿದ್ದು ಕೆಲವು. ಸಿಮ್ಯುಲೇಟರ್ ಈಗಿನ 600 ಸರಣಿಯದೋ ಹಳೆಯದೋ? ಎರಡರ ಕಾಕ್‌ಪಿಟ್ಟಿನ ಮುಖಗಳೇ ಬೇರೆ. ನಿಗದಿಯಾದ ಪಾಠಗಳಲ್ಲಿ ಕೈ ಕೂಡದಿದ್ದರೆ ಹೆಚ್ಚಿನ ಪಾಠವುಂಟೋ, ಅದರ ಶುಲ್ಕವೆಷ್ಟು, ಅದು ಮೊದಲೇ ಕಾಗದದಲ್ಲಿದೆಯೋ? ನಡುವೆ ನಿಂತರೆ ಎಷ್ಟು ಹಣ ಮರಳುತ್ತದೆ? ಸಿಮ್ಯುಲೇಟರಿನಲ್ಲಿ ಇಬ್ಬರನ್ನು ಜೋಡಿ ಮಾಡಿ ಕೂರಿಸುತ್ತಾರೆ, ಒಬ್ಬರು ಹಾರಿಸಿದರೆ ಇನ್ನೊಬ್ಬರು ನೆರವಾಗುವುದು. ಆ ಜೊತೆಗಾರ ಸಮಬಲನಲ್ಲದಿದ್ದರೆ ಇಬ್ಬರ ಕಲಿಕೆಯೂ ಕುಂಟುತ್ತದೆ. ಜೊತೆಯನ್ನು ಹೇಗೆ ಆರಿಸುತ್ತಾರೆ?

ಎಲ್ಲಕ್ಕಿಂತ ಹೆಚ್ಚಾಗಿ ನಾನು ಒತ್ತಿ ಬರೆಯಿಸಿದ್ದು ಗುರುವನ್ನು ಕುರಿತ ಪ್ರಶ್ನೆ. ಕಲಿಸುವವರು ಈ ಮಾದರಿಯನ್ನು ತಾವೇ ಎಷ್ಟು ವರ್ಷ ಹಾರಿಸಿದ್ದಾರೆ? ಮೊದಲ ಪಾಠದಿಂದ ಕೊನೆಯ ಪಾಠದವರೆಗೆ ಒಬ್ಬರೇ ಇರುತ್ತಾರೋ, ದಿನಕ್ಕೊಬ್ಬರು ಬದಲಾಗುತ್ತಾರೋ? ನಮ್ಮ ಪಾಠಶಾಲೆಯ ಗುರುಗಳು ಪದ್ಯವನ್ನು ಹೇಳುವಾಗ ನಡುವೆ ಬೇಕೆಂದೇ ಪ್ರಾಸವನ್ನು ಕೆಡಿಸಿ ಹೇಳುತ್ತಿದ್ದರು. ಹಿಡಿದವನಿಗೆ ಅಂದು ಒಂದು ಬಾಳೆಹಣ್ಣು; ಹಿಡಿಯದವನಿಗೆ ಆ ಪದ್ಯ ಹತ್ತು ಬಾರಿ. ಹೇಳದೆ ಕೇಳದೆ ಬಂದ ಲೋಪವನ್ನು ಹಿಡಿಯುವ ಕಿವಿಯನ್ನು ಅವರು ಹಾಗೆ ತಯಾರು ಮಾಡಿದರು. ಸಿಮ್ಯುಲೇಟರಿನ ಒಳ್ಳೆಯ ಬೋಧಕನೂ ಅದನ್ನೇ ಮಾಡುತ್ತಾನಂತೆ. ವಿಮಾನ ನೆಲ ಬಿಡುವ ಕ್ಷಣದಲ್ಲಿ ಸೂಚನೆ ಕೊಡದೆ ಒಂದು ಎಂಜಿನ್ನನ್ನು ಕೆಡಿಸುತ್ತಾನೆ. ಯಾವುದು ಕೆಟ್ಟಿತೆಂದು ಇಬ್ಬರೂ ಬಾಯಿಬಿಟ್ಟು ಹೇಳಿ, ಇನ್ನೊಬ್ಬರು ಖಚಿತಪಡಿಸಿದ ಮೇಲೆಯೇ ಹಿಡಿಕೆಯನ್ನು ಮುಟ್ಟಬೇಕು. ತೈಪೆಯಲ್ಲಿ ತಪ್ಪಿಹೋದುದು ಇದೇ ಪಾಠ. ಸಿಮ್ಯುಲೇಟರಿನಲ್ಲಿ ಸೋತವನು ಚಹಾ ಕುಡಿದು ಮತ್ತೆ ಕೂರಬಹುದು. ಪರೀಕ್ಷೆಗೆ ಬೇಕಾದ ನಾಲ್ಕು ಕಸರತ್ತುಗಳನ್ನಷ್ಟೇ ಉರುಹೊಡೆಸಿ ಕಳಿಸುವ ಕೇಂದ್ರಕ್ಕೂ, ಬೇಕೆಂದೇ ಸೋಲಿಸಿ ಸೋಲಿಸಿ ಕಲಿಸುವ ಕೇಂದ್ರಕ್ಕೂ ಪ್ರಮಾಣಪತ್ರದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅಲ್ಲಿ ಕಲಿತು ಬಂದವರನ್ನು ಕಂಡು ಮಾತನಾಡಿಸಿಯೇ ತಿಳಿಯಬೇಕು.

ಇಂಗ್ಲಿಷಿನ ವಿಷಯವೊಂದು ಉಳಿಯಿತು. ಕನ್ನಡ ಮಾಧ್ಯಮದಲ್ಲಿ ಓದಿದವಳು ಹೇಗೆ ನಿಭಾಯಿಸುವಳೆಂದು ನಮ್ಮಲ್ಲಿಯೇ ಕೆಲವರು ಅನುಮಾನಪಟ್ಟರು. ರೇಡಿಯೋದಲ್ಲಿ ಮಾತನಾಡಲು ಅಂತರರಾಷ್ಟ್ರೀಯ ನಿಯಮದಂತೆ ಇಂಗ್ಲಿಷಿನಲ್ಲಿ ಕನಿಷ್ಠ ನಾಲ್ಕನೆಯ ಮಟ್ಟದ ಪ್ರಾವೀಣ್ಯ ಬೇಕು. ಅದನ್ನು ಅವಳು ಪರವಾನಗಿಯ ಕಾಲಕ್ಕೇ ಗಳಿಸಿದ್ದಾಳೆ. ಕಾಕ್‌ಪಿಟ್ಟಿನ ಭಾಷೆ ಷೇಕ್ಸ್‌ಪಿಯರನದಲ್ಲ. ಅದು ಸೂತ್ರಭಾಷೆ: ಒಬ್ಬರು ಒಂದು ಪದವನ್ನು ಹೇಳುವುದು, ಇನ್ನೊಬ್ಬರು ಅದನ್ನೇ ಮರಳಿ ಹೇಳುವುದು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಸೂತ್ರಗಳನ್ನು ಒಪ್ಪಿಸುತ್ತ ಬೆಳೆದ ನಮ್ಮ ಮಕ್ಕಳಿಗೆ ಅದು ಅಪರಿಚಿತವಾದ ಪದ್ಧತಿಯೇನಲ್ಲ ಎಂದು ನಾನು ಸಭೆಯಲ್ಲಿಯೇ ವಾದಿಸಿದ್ದೇನೆ.

ಹುಡುಗಿ ಮಧ್ಯವರ್ತಿಗೆ ಹಣ ಕಟ್ಟಲಿಲ್ಲ. ಹನ್ನೊಂದು ತಿಂಗಳು ಕಾದಳು. ಆ ಅವಧಿಯಲ್ಲಿ ನಮ್ಮ ಪ್ರೌಢಶಾಲೆಯಲ್ಲಿಯೇ ಗಣಿತವನ್ನು ಕಲಿಸಿದಳು. ಒಂಬತ್ತನೆಯ ತರಗತಿಯ ಮಕ್ಕಳು ಅವಳನ್ನು ‘ವಿಮಾನದ ಟೀಚರು’ ಎಂದೇ ಕರೆಯುತ್ತಿದ್ದರು. ವಿಮಾನ ಸಂಸ್ಥೆಯೊಂದರ ಲಿಖಿತ ಪರೀಕ್ಷೆ, ಸಂದರ್ಶನಗಳು ಮುಗಿದು ಆಯ್ಕೆಪತ್ರ ಬಂದಿತು. ಅದರಲ್ಲಿ ತರಬೇತಿಗೆ ಎರಡು ಕೇಂದ್ರಗಳ ಹೆಸರಿದ್ದವು. ನೋಟುಬುಕ್ಕನ್ನು ಹಿಡಿದುಕೊಂಡು ಎರಡಕ್ಕೂ ಹೋಗಿಬಂದಳು. ಒಂದರಲ್ಲಿ ಕಟ್ಟಡ ಚೆಂದ, ಶುಲ್ಕವೂ ತುಸು ಕಡಿಮೆ. ಬೋಧಕರ ಹೆಸರು ಕೇಳಿದರೆ ಆ ಹೊತ್ತಿಗೆ ಯಾರಿರುತ್ತಾರೋ ಅವರು ಎಂಬ ಉತ್ತರ. ಇನ್ನೊಂದರಲ್ಲಿ ಹಿರಿಯ ಬೋಧಕರೊಬ್ಬರು ಅವಳನ್ನು ಅರ್ಧ ಗಂಟೆ ಕೂರಿಸಿಕೊಂಡು, ನೋಟುಬುಕ್ಕಿನ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸಿ, ಕೊನೆಗೆ ತಾವೇ ಒಂದು ಪ್ರಶ್ನೆಯನ್ನು ಹಾಕಿದರಂತೆ: ಪೋಖರಾದ ವರದಿಯನ್ನು ಓದಿದ್ದೀಯಾ? ಓದಿದ್ದೇನೆಂದಳು. ಎರಡನೆಯದನ್ನೇ ಆರಿಸಿದಳು. ಹೆಚ್ಚಿನ ಶುಲ್ಕಕ್ಕೆ ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದ ಕೆಲವರು ಹೆಸರು ಹೇಳದೆ ಬಡ್ಡಿಯಿಲ್ಲದ ಕೈಗಡವನ್ನು ಕೊಟ್ಟಿದ್ದಾರೆ. ಅವರ ಇಚ್ಛೆಯಂತೆ ನಾನೂ ಹೆಸರು ಬರೆಯುವುದಿಲ್ಲ. ಹೊಲ ಒಂದು ಎಕರೆ ಹೋಯಿತು, ಮೂರು ಉಳಿಯಿತು.

ಕಳೆದ ವಾರ ಅವಳ ಫೋನ್ ಬಂದಿತ್ತು. ಸಿಮ್ಯುಲೇಟರ್ ಹಗಲಿರುಳೂ ಓಡುವುದರಿಂದ ಇವಳ ಜೋಡಿಗೆ ರಾತ್ರಿ ಎರಡರಿಂದ ಬೆಳಗಿನ ಆರರವರೆಗಿನ ಪಾಳಿ ಬಂದಿದೆಯಂತೆ. “ನಿದ್ದಿ ಕೆಡಬ್ಯಾಡ ಮಗಳೇ” ಎಂದೆ. ನಕ್ಕಳು. ಮೊದಲ ದಿನ ಎಂಜಿನ್ ಕೆಟ್ಟಾಗ ಕೈ ತಾನಾಗಿ ಹಿಡಿಕೆಯ ಕಡೆಗೆ ಹೋಯಿತಂತೆ. ಬೋಧಕರು ಹಿಂದಿನಿಂದ ಅವಳ ಮಣಿಕಟ್ಟನ್ನು ಹಿಡಿದು, ಯಾವುದು ಕೆಟ್ಟಿದೆಯೆಂದು ಮೊದಲು ಬಾಯಿಂದ ಹೇಳು ಎಂದರಂತೆ. ಮೂರನೆಯ ರಾತ್ರಿಯ ಹೊತ್ತಿಗೆ ಬಾಯಿ ಮೊದಲು, ಕೈ ಆಮೇಲೆ ಆಗಿದೆಯೆಂದು ಹೇಳಿದಳು. ಪರೀಕ್ಷೆ ಬರುವ ತಿಂಗಳಿದೆ.